ನಿಲ್ಲಲು ಕಲಿತ ಕಾಲು

ನನ್ನ ಬಲಗಾಲು ಹೋದದ್ದು ಒಂದು ಜಾಲಿ ಮುಳ್ಳಿನಿಂದ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ನಕ್ಕಿದ್ದಕ್ಕೆ ನಾಚಿಕೊಂಡು ಚಹಾ ಹೇಳುತ್ತಾರೆ. ಹೀಗೆ ಈ ಕಥೆ ಹೇಳಿಯೇ ನಾನು ಸಾಕಷ್ಟು ಚಹಾ ಕುಡಿದಿದ್ದೇನೆ. ಅದೂ ಸಕ್ಕರೆ ಇಲ್ಲದ ಚಹಾ. ಮುಳ್ಳಿನ ಬೆನ್ನ ಹಿಂದೆ ಅಡಗಿದ್ದ ನಿಜವಾದ ಕಳ್ಳ ಸಕ್ಕರೆ ಕಾಯಿಲೆಯೇ ಆಗಿತ್ತು.

ನಾನು ಔರಾದ ತಾಲೂಕಿನ ಚಿಂತಾಕಿಯ ಬೀರಪ್ಪ. ಔರಾದದಲ್ಲಿ ಹತ್ತನೆಯ ಇಯತ್ತೆ ಪಾಸಾದ ಮೇಲೆ ಮುಂದೆ ಓದು ಎಂದವರ ಮಾತು ಕೇಳದೆ ಅಪ್ಪನ ಕುರಿಗಳ ಜೊತೆ ಹೋದವನು. ಕುರಿ ಕಾಯುವವನಿಗೆ ಮುಳ್ಳು ಹೊಸದಲ್ಲ. ಅಂಗಾಲಲ್ಲಿ ಒಂದು ಮುರಿದು ಉಳಿದಾಗ ನನಗೆ ನೋವೇ ಆಗಲಿಲ್ಲ. ನನ್ನ ಪಾದ ಎಷ್ಟು ಗಟ್ಟಿ ನೋಡು ಎಂದು ಹೆಂಡತಿ ಜಗದೇವಿಯ ಮುಂದೆ ಜಂಬ ಕೊಚ್ಚಿದೆ. ನೋವಾಗದಿದ್ದದ್ದೇ ರೋಗ ಎಂದು ಬೀದರದ ಡಾಕ್ಟರು ತಿಳಿಸಿ ಹೇಳುವ ಹೊತ್ತಿಗೆ ಪಾದ ಕಪ್ಪಗಾಗಿತ್ತು.

ಮೊಣಕಾಲಿನ ಮೇಲೆ ಕತ್ತರಿಸಬೇಕು ಎಂದು ಡಾಕ್ಟರು ಹೇಳಿದಾಗ ನಾನು ಛಾವಣಿ ನೋಡುತ್ತಾ ಮಲಗಿದ್ದೆ. ಜಗದೇವಿ ಒಂದು ಕ್ಷಣವೂ ತಡೆಯಲಿಲ್ಲ.

"ಕಾಲ್ ತಗೀರಿ ಸಾಹೇಬ್ರ, ಮನುಷ್ಯಾಗ ಉಳಸ್ರಿ," ಎಂದಳು.

ಎಂಥ ಗಟ್ಟಿಗಿತ್ತಿ ಎಂದುಕೊಂಡೆ. ಆಮೇಲೆ ಅವಳು ಪರದೆಯ ಆಚೆ ಹೋದಳು. ಪರದೆಯ ಕೆಳಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಅವು ಬಹಳ ಹೊತ್ತು ಅಲುಗಾಡಲಿಲ್ಲ, ಮತ್ತು ಅವಳು ಅಳುತ್ತಿದ್ದಾಳೆ ಎಂದು ನನಗೆ ಆ ಪಾದಗಳಿಂದಲೇ ತಿಳಿಯಿತು. ನಾನೂ ಅತ್ತೆ. ಇದನ್ನು ಯಾಕೆ ಬರೆಯುತ್ತೇನೆಂದರೆ, ಆ ವಾರ್ಡಿನಲ್ಲಿ ಮಲಗಿದ ಪ್ರತಿಯೊಬ್ಬನೂ ತಾನೊಬ್ಬನೇ ಹೇಡಿ ಎಂದುಕೊಂಡಿರುತ್ತಾನೆ. ಹಾಗೇನಿಲ್ಲ, ಎಲ್ಲರೂ ಅಳುತ್ತಾರೆ. ಊಟದ ಗಾಡಿ ಬಂದಾಗ ಎಲ್ಲರೂ ಕಣ್ಣು ಒರೆಸಿಕೊಂಡು ಅನ್ನಕ್ಕೆ ಸಾರು ಕಡಿಮೆ ಎಂದು ಜಗಳಕ್ಕೂ ನಿಲ್ಲುತ್ತಾರೆ.

ಮನೆಗೆ ಬಂದ ಮೇಲೆ ಒಂದು ವಿಚಿತ್ರ ಶುರುವಾಯಿತು. ಇಲ್ಲದ ಪಾದದಲ್ಲಿ ಮುಳ್ಳು ಚುಚ್ಚತೊಡಗಿತು. ಇದ್ದಾಗ ತಿಳಿಯದ ನೋವು ಹೋದಮೇಲೆ ತಿಳಿಯುವುದೆಂದರೇನು? ಕಾಲಿನ ಸಂಗಡ ಮುಳ್ಳು ಹೋಗಿತ್ತು, ಅದರ ನೋವನ್ನು ಮಾತ್ರ ನನ್ನ ಪಾಲಿಗೆ ಬಿಟ್ಟಿತ್ತು. ಜಗದೇವಿ ಬರಿಗಾಳಿಯಲ್ಲಿ ಪಿನ್ನು ಆಡಿಸಿ, "ತಗದೀನಿ, ಈಗ ಸುಮ್ನ ಮಲ್ಕೋ," ಎನ್ನುತ್ತಿದ್ದಳು. ನಂಬಿದರೆ ನಂಬಿ, ಕೆಲವು ದಿನ ಕಡಿಮೆಯೂ ಆಗುತ್ತಿತ್ತು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಊರಿಗೆ ಟ್ಯಾಂಕರ್ ನೀರು ಬರುತ್ತಿತ್ತು. ಅರ್ಧ ಓಣಿ ಹೈದರಾಬಾದಿಗೆ, ಇನ್ನರ್ಧ ಪುಣೆಗೆ ಹೋಗಿತ್ತು. ನಮ್ಮ ಕುರಿಗಳನ್ನು ಅಲ್ಲಿಯವರೆಗೆ ನೋಡಿಕೊಂಡಿದ್ದ ತಮ್ಮ ಮಾಳಪ್ಪನೂ ಪುಣೆಯ ಕಟ್ಟಡದ ಕೆಲಸಕ್ಕೆ ಹೋಗಲು ಮಾತು ಕೊಟ್ಟಿದ್ದ.

"ಶಿವರಾತ್ರಿ ಮಟ ಇರ್ತೇನಿ ಅಣ್ಣಾ. ಮುಂದ ನೀ ನೋಡು," ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಹೊಟ್ಟೆಯಿದೆ.

ಶಿವರಾತ್ರಿಯ ನಂತರ ಚಿಂತಾಕಿಯಲ್ಲಿ ಒಂದು ಗರಿಕೆಯೂ ಇರುವುದಿಲ್ಲ. ಹಿಂಡನ್ನು ಮಾಂಜ್ರಾ ನದಿ ದಾಟಿಸಿ ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿಗೆ ಒಯ್ಯಬೇಕು. ನೀರು ಇಳಿದ ನೆಲದಲ್ಲಿ ಅಲ್ಲಿ ಹಸಿ ಹುಲ್ಲು ಸಿಗುತ್ತದೆ. ಹಿಂಡು ನಡೆಸಲು ಇಬ್ಬರು ಬೇಕು. ಮುಂದೊಬ್ಬ ಕೂಗಿ ಕರೆಯುವವನು, ಹಿಂದೊಬ್ಬ ಮರಿ, ಮುದುಕಿ, ಕುಂಟು ನೋಡಿಕೊಂಡು ಬರುವವನು. ಜಗದೇವಿ ಒಬ್ಬಳಾದಳು. ಎರಡನೆಯವನು ನಾನು ಆಗದಿದ್ದರೆ ಹಿಂಡು ಕಟುಕರ ಲಾರಿ ಹತ್ತಬೇಕಿತ್ತು. ಮಾತು ಇಷ್ಟೇ, ಆದರೆ ನನಗೆ ಅದು ಉಸಿರಿನ ಪ್ರಶ್ನೆಯಾಗಿತ್ತು.

ಒಂದು ಶಿಬಿರದಲ್ಲಿ ಸಾದಾ ಕೃತಕ ಕಾಲು ಸಿಕ್ಕಿತ್ತು. ಮನೆಯ ಅಂಗಳದಲ್ಲಿ ಚೆನ್ನಾಗಿ ನಡೆಯುತ್ತಿದ್ದೆ. ಉತ್ತ ಹೊಲಕ್ಕೆ ಕಾಲಿಟ್ಟರೆ ಅದರ ಮೊಣಕಾಲು ನನ್ನನ್ನು ಕೇಳದೆ ಮಡಚುತ್ತಿತ್ತು. ನಾಲ್ಕು ಸಲ ಬಿದ್ದೆ. ಐದನೆಯ ಸಲ ಬೀಳುವ ಭಯಕ್ಕೆ ಅದನ್ನು ಕಂಬಳಿಯ ಪಕ್ಕದ ಗೂಟಕ್ಕೆ ನೇತುಹಾಕಿದೆ.

ಬೀದರದ ಅಂಚಿನ ನೌಬಾದದಲ್ಲಿ ಮೋಟರು ಕೂಡಿಸಿದ ಕಾಲುಗಳನ್ನು ಪರೀಕ್ಷೆ ಮಾಡುತ್ತಿದ್ದಾರೆ, ಹಾಕಿ ನೋಡುವವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂದದ್ದು ಆಗ. ಹೋದೆ.

ಕಾಯುವ ಕೋಣೆಯಲ್ಲಿ ಒಂದೇ ಉದ್ದ ಬೆಂಚು. ಮೊದಲ ದಿನ ನನ್ನ ಪಕ್ಕ ಕುಳಿತವರು ರಜಿಯಾಬಿ. ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಬಳೆ ಮಾರುವವರು. ಅಪಘಾತದಲ್ಲಿ ಎಡಗಾಲು ಕಳೆದುಕೊಂಡಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ದು ಬಲ, ನಂದು ಎಡ. ಇಬ್ರೂ ಕೂಡಿ ಒಂದ್ ಜೋಡಿ ಚಪ್ಲಿ ತಗೊಂಡ್ರ ಸಾಕಲ್ರಿ ಭಾಯಿ," ಎಂದರು. ಆಸ್ಪತ್ರೆ ಸೇರಿದ ದಿನದಿಂದ ನಾನು ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು.

ನಮ್ಮ ಪರೀಕ್ಷೆಯ ಇಂಜಿನಿಯರ್ ಸುಜಾತಾ ಮೇಡಂ. ಅವರೂ ಭಾಲ್ಕಿಯವರೇ, ಮಾಸ್ತರರ ಮಗಳು. ಹೊರಗೆ ಓದಿ ಬಂದರೂ ಮಾತು ಕೆಟ್ಟಿರಲಿಲ್ಲ. ಮೊದಲ ಬಾರಿ ಕಾಲು ತೊಡಿಸಿ, "ನೀವು ಎತ್ತಬ್ಯಾಡ್ರಿ, ಅದೇ ಎತ್ತತದ. ನಂಬ್ರಿ," ಎಂದರು.

ನಂಬುವುದು ಸುಲಭವಾಗಿರಲಿಲ್ಲ. ಹೆಜ್ಜೆ ಇಟ್ಟಾಗ ಒಳಗೆ ದೂರದ ಹಿಟ್ಟಿನ ಗಿರಣಿಯ ಸದ್ದು. ಕಾಲು ತಾನೇ ಮಡಚಿತು, ತಾನೇ ಮುಂದೆ ಬಂದು ನೆಲ ಮುಟ್ಟಿತು. ನಾನು ರೇಲಿಂಗು ಬಿಡಲಿಲ್ಲ. "ನೆಲ ಜಾರ್ತದ್ರಿ," ಎಂದು ನೆವ ಹೇಳಿದೆ. ಬೆಂಚಿನಿಂದ ರಜಿಯಾಬಿ, "ಕುಣಿಲಾರದಾಕಿ ನೆಲ ಡೊಂಕು ಅಂದಳಂತ!" ಎಂದು ಕೂಗಿದರು. ರೋಷಕ್ಕೆ ರೇಲಿಂಗು ಬಿಟ್ಟೆ.

ಹತ್ತನೆಯ ದಿನ ಮೆಟ್ಟಿಲು ಹತ್ತಿದೆ. ಒಂದು ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ ಅಲ್ಲ, ಒಂದಾದ ಮೇಲೆ ಒಂದು, ಎಲ್ಲರ ಹಾಗೆ. ಮೇಲೆ ತಲುಪಿ ತಿರುಗಿ ನೋಡಿದಾಗ ಜಗದೇವಿ ಕೆಳಗೆ ಸೆರಗು ಬಾಯಿಗಿಟ್ಟು ನಿಂತಿದ್ದಳು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಅವಳಿಗೆ ಹೇಳಿ ಬೈಸಿಕೊಂಡಿದ್ದೇನೆ.

ಮುಂದಿನದು ಊರಿನ ಪರೀಕ್ಷೆ. ಕಾಲನ್ನು ಮನೆಗೆ ಒಯ್ದು ದಿನವೂ ಹಾಕಿಕೊಳ್ಳಬೇಕು, ಆದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪರೀಕ್ಷೆ ಮುಗಿದ ಮೇಲೆ ಕಾಲು ವಾಪಸು ಕೊಡಬೇಕು ಎಂದೂ ಮೇಡಂ ಹೇಳಿದ್ದರು, ನಾನು ಸಹಿಯನ್ನೂ ಹಾಕಿದ್ದೆ. ಆ ಮಾತನ್ನು ಮಾತ್ರ ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟೆ. ಇನ್ನೊಂದು ನಿಯಮವಿತ್ತು, ಕೋಲು ಹಿಡಿಯಬಾರದು. "ಕೋಲು ಬಿಡಸ್ಲಾಕೇ ಈ ಕಾಲು ಮಾಡೀವ್ರಿ," ಎಂದಿದ್ದರು ಮೇಡಂ.

ಕುರಿಯವನ ಕೈಯಿಂದ ಕೋಲು ಬಿಡಿಸುವುದು! ಊರಿಗೆ ಬಂದ ಮೊದಲ ಬೆಳಿಗ್ಗೆಯೇ ನನ್ನ ಕೈ ತಾನಾಗಿ ಮೂಲೆಯ ಕೋಲಿಗೆ ಹೋಯಿತು. ಹಿಂಡು ಹಟ್ಟಿಯಿಂದ ಹೊರಡುತ್ತಿತ್ತು. ನಾವು ನಿಲ್ಲುವ ಒಂದು ರೀತಿಯಿದೆ. ಕೋಲನ್ನು ಕಂಕುಳಿಗೆ ಕೊಟ್ಟು ಮುಂದಕ್ಕೆ ವಾಲಿ, ಭಾರವನ್ನೆಲ್ಲ ಕೋಲು ಮತ್ತು ಒಂದು ಕಾಲಿಗೆ ಬಿಟ್ಟು, ಇನ್ನೊಂದು ಕಾಲನ್ನು ಸಡಿಲ ಮಾಡಿ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಲ್ಲುವುದು. ಕುರಿ ಮೇಯುವಷ್ಟು ಹೊತ್ತೂ ಹೀಗೆ ನಿಲ್ಲಬಹುದು. ನನ್ನಪ್ಪ ಹೀಗೆ ನಿಂತೇ ನಿದ್ದೆ ಮಾಡುತ್ತಿದ್ದ.

ನಾನೂ ಹಾಗೆ ನಿಂತೆ. ಬಲಗಾಲು ಗುಂಯ್ ಎಂದಿತು, ಮಡಚಿತು, ಮುಂದಕ್ಕೆ ರಪ್ಪನೆ ಒದೆಯಿತು. ಎದುರಿಗೆ ಜಗದೇವಿ ಟ್ಯಾಂಕರಿನಿಂದ ತುಂಬಿ ತಂದಿಟ್ಟ ಕೊಡವಿತ್ತು. ಕೊಡ ಉರುಳಿತು, ಎರಡು ತಾಸು ಸಾಲಿನಲ್ಲಿ ನಿಂತು ತಂದ ನೀರು ಅಂಗಳ ಕುಡಿಯಿತು.

ಜಗದೇವಿ ಸೊಂಟದ ಮೇಲೆ ಕೈಯಿಟ್ಟಳು. "ಕುಂಟಗ ಎಂಟು ಚ್ಯಾಷ್ಟಿ ಅಂತಾರ. ಇದು ಒಂಬತ್ತನೇದ್ ಎಲ್ಲಿಂದ ತಂದಿ?"

"ನಾ ಅಲ್ಲ, ಕಾಲು," ಎಂದೆ. ಲೋಕದಲ್ಲಿ ಯಾವ ಗಂಡನೂ ಹೇಳಿರದ ನೆವ ಅದು.

ಆಮೇಲೆ ದಿನವೂ ಇದೇ ಆಯಿತು. ನಡೆದರೆ ಕಾಲು ಬಂಗಾರ, ನಿಂತರೆ ಕತ್ತೆ. ಮುಂದಾಳು ಕುರಿ ಕರಿಮೂತಿಗೆ ಒಮ್ಮೆ ಪಕ್ಕೆಗೆ ಬಿತ್ತು. ಅಂದಿನಿಂದ ಇಡೀ ಹಿಂಡು ನನ್ನ ಬಲಗಡೆಗೆ ಬರುವುದನ್ನೇ ಬಿಟ್ಟಿತು. ಮರಿಯಾಗಿದ್ದಾಗಿನಿಂದ ನನ್ನ ಕಾಲಿಗೆ ಒರಗಿ ನಿಲ್ಲುತ್ತಿದ್ದ ಕರಿಮೂತಿ ದೂರದಿಂದ ನನ್ನನ್ನು ಅನುಮಾನದಿಂದ ನೋಡತೊಡಗಿತು.

ತಪ್ಪು ನನ್ನದೇ ಎಂದುಕೊಂಡೆ. ಹಿಡಿಯಬೇಡ ಎಂದ ಕೋಲನ್ನು ಹಿಡಿದವನು ನಾನು. ಮೇಡಂಗೆ ತಿಳಿದರೆ ಕಾಲು ಕಸಿದುಕೊಳ್ಳುತ್ತಾರೆ, ಕಾಲು ಹೋದರೆ ಹಿಂಡು ಹೋಗುತ್ತದೆ. ಅದಕ್ಕೆ ನೋಟ್‌ಬುಕ್ಕಿನಲ್ಲಿ ದಿನವೂ ದುಂಡಗೆ ಬರೆದೆ: "ಎಲ್ಲಾ ಛಲೋ ಅದ."

ಕಾಲಿನ ಹೊಟ್ಟೆಯಲ್ಲೇ ಇನ್ನೊಂದು ನೋಟ್‌ಬುಕ್ಕು ಇದೆಯೆಂದು ನನಗೇನು ಗೊತ್ತು? ಒಂದು ದಿನ ಮೇಡಂ ಫೋನು ಮಾಡಿದರು.

"ಬೀರಪ್ಪನವರ, ಮೊನ್ನಿ ಮಧ್ಯಾಹ್ನ ಒಂದೇ ಕಡಿ ನಿಂತು ಅರವತ್ತ್ ಹೆಜ್ಜಿ ಹಾಕೀರಿ ಅಂತ ಕಾಲು ತೋರಸ್ಲತ್ತದ. ಕುಣದ್ರೇನ್ರಿ?"

"ಹೌದ್ರಿ ಮೇಡಂ, ಭಜನಿ ಇತ್ರಿ," ಎಂದುಬಿಟ್ಟೆ.

ಮರುವಾರ ಮತ್ತೆ ಫೋನು. "ನಿಮ್ಮೂರಾಗ ದಿನಾ ಭಜನಿ ಇರ್ತದೇನ್ರಿ?"

"ಬರಗಾಲ ನೋಡ್ರಿ. ದೇವರ ಮ್ಯಾಗೇ ಎಲ್ಲಾ ಅದ."

ಪಕ್ಕದಲ್ಲಿ ಜಗದೇವಿ ಹಣೆ ಹಣೆ ಬಡಿದುಕೊಂಡಳು. ಮೂರನೆಯ ಸಲ ಮೇಡಂ ಫೋನು ಮಾಡಲಿಲ್ಲ, ತಾವೇ ಬಸ್ಸು ಹತ್ತಿ ಚಿಂತಾಕಿಗೆ ಬಂದರು. ನಾನು ಕೋಲನ್ನು ಜೋಳದ ಕಣಕಿಯ ರಾಶಿಯ ಹಿಂದೆ ಬಚ್ಚಿಟ್ಟು, ಓಣಿಯ ತುಂಬ ಮೈಸೂರು ಆನೆಯ ಹಾಗೆ ನಡೆದು ತೋರಿಸಿದೆ. ಒಂದೂ ತಪ್ಪಿಲ್ಲ. ಮೇಡಂ ತಲೆ ಕೆರೆದುಕೊಂಡು, ರೊಟ್ಟಿ ಪುಂಡಿಪಲ್ಯ ಉಂಡು ಹೊರಟರು. ಗೆದ್ದೆ ಎಂದುಕೊಂಡು ಬಸ್ಸಿಗೆ ಬಿಡಲು ಹೋದೆ.

ಬಸ್ಸು ಬರಲಿಲ್ಲ. ಬಿಸಿಲು ಸುಡುತ್ತಿತ್ತು. ಮೇಡಂ ಚೀಲ ನೆಲಕ್ಕಿಟ್ಟು, ನೆರಳಿಗೆ ಬಂದಮೇಲೆ ಉದ್ದನೆಯ ಛತ್ರಿ ಮಡಚಿ ನನ್ನ ಕೈಗೆ ಕೊಟ್ಟು ನೀರು ಕುಡಿಯುತ್ತಿದ್ದರು. ರಸ್ತೆಯಾಚೆ ಯಾರದೋ ಕುರಿಗಳು ಮೇಯುತ್ತಿದ್ದವು. ಅವನ್ನು ನೋಡುತ್ತಾ ನಾನು ಯಾವಾಗ ಆ ಛತ್ರಿಯನ್ನು ಕಂಕುಳಿಗೆ ಕೊಟ್ಟೆನೋ, ಯಾವಾಗ ಬಲಗಾಲು ಸಡಿಲ ಬಿಟ್ಟೆನೋ ದೇವರಾಣೆ ಗೊತ್ತಿಲ್ಲ.

ಗುಂಯ್. ರಪ್. ಮೇಡಂ ಚೀಲ ರಸ್ತೆಯ ನಡುವೆ ಹೋಗಿ ಬಿತ್ತು.

ನಾನು ಕಣ್ಣು ಮುಚ್ಚಿದೆ. ಮುಗಿಯಿತು, ಹಿಂಡು ಹೋಯಿತು ಎಂದುಕೊಂಡೆ. ಕಣ್ಣು ತೆರೆದರೆ ಮೇಡಂ ಚೀಲ ನೋಡುತ್ತಿರಲಿಲ್ಲ, ನನ್ನ ಪಾದ ನೋಡುತ್ತಿದ್ದರು.

"ಇನ್ನೊಮ್ಮಿ ಹಾಂಗೇ ನಿಂದರ್ರಿ."

ನಿಂತೆ. ಒದೆಯಿತು. ಮತ್ತೊಮ್ಮೆ ನಿಂತೆ, ಮತ್ತೊಮ್ಮೆ ಒದೆಯಿತು. ಅಷ್ಟರಲ್ಲಿ ಬಸ್ಸು ಬಂತು. ಮೇಡಂ ಅದನ್ನು ಕೈಬೀಸಿ ಕಳಿಸಿಬಿಟ್ಟರು. ನಾನು ಅಳುತ್ತಲೇ ಎಲ್ಲ ಹೇಳಿದೆ: ಕೋಲು, ಕೊಡ, ಕರಿಮೂತಿ, ಭಜನೆ.

"ಭಾರ ಇಲ್ಲ, ಹಿಮ್ಮಡಿ ಎತ್ತೀರಿ, ಮೈ ಮುಂದ ವಾಲೇದ. ನೀವು ಹೆಜ್ಜಿ ಹಾಕ್ಲತ್ತೀರಿ ಅಂತ ಅದು ತಿಳ್ಕೋತದ್ರಿ," ಎಂದರು ಮೇಡಂ. ಆಮೇಲೆ ಚೀಲ ಎತ್ತಿಕೊಂಡು ಧೂಳು ಕೊಡವುತ್ತಾ, "ತಪ್ಪು ನಂದೂ ಅದ. ನಾವು ಅದಕ್ಕ ನಡಿಯೋದೇ ಕಲಸೀವಿ. ಮನುಷ್ಯಾ ಹ್ಯಾಂಗ ನಿಂದರ್ತಾನ ಅಂತ ಯಾರಿಗೂ ಕೇಳೇ ಇಲ್ಲ. ಆದ್ರ ನೀವು ಮೊದಲ್ನೇ ದಿನಾನೇ ಖರೆ ಬರದಿದ್ರ ಇಷ್ಟೊತ್ತಿಗಿ ರಿಪೇರಿ ಆಗ್ತಿತ್ತು," ಎಂದರು.

ಆ ಕೊನೆಯ ಮಾತು ನಾಟಿತು. ಶಿವರಾತ್ರಿಗೆ ಹನ್ನೊಂದು ದಿನ ಉಳಿದಿತ್ತು. ನನ್ನ ಸುಳ್ಳು ಐದು ವಾರ ತಿಂದಿತ್ತು.

ಆ ಮಧ್ಯಾಹ್ನ ಮೇಡಂ ಮಾಳಪ್ಪನನ್ನೂ ಉಳಿದ ಕುರಿಯವರನ್ನೂ ಸಾಲಾಗಿ ನಿಲ್ಲಿಸಿ ಫೋನಿನಲ್ಲಿ ವಿಡಿಯೋ ಹಿಡಿದರು. ತಾವೂ ಛತ್ರಿ ಕಂಕುಳಿಗೆ ಕೊಟ್ಟು ನಿಲ್ಲಲು ಹೋಗಿ ಕಣಕಿಯ ಮೇಲೆ ಬಿದ್ದರು. ಬಚ್ಚಿಟ್ಟ ಕೋಲು ಸಿಕ್ಕದ್ದು ಆಗಲೇ. ಸಂಜೆ ಕಾಲನ್ನು ತಮ್ಮ ಜೊತೆ ಒಯ್ದರು.

ಆ ದಿನಗಳನ್ನು ನಾನು ಮರೆತಿಲ್ಲ. ಕಾಲಿಲ್ಲದೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಲಾರಿಯವನು ಒಮ್ಮೆ ಬಂದು ಹಿಂಡನ್ನು ಕಣ್ಣಲ್ಲೇ ತೂಗಿ ಹೋದ. ಕಾಲು ಹಿಂದಿರುಗಿ ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ಜಗದೇವಿ ಮಾತ್ರ ಹಳೆಯ ಕಂಬಳಿ ಕತ್ತರಿಸಿ ಏನೋ ಹೊಲಿಯುತ್ತಿದ್ದಳು. ಏನದು ಎಂದರೆ, "ಕಾಲಿಗಿ ಅಂಗಿ. ಹಾದಿ ಧೂಳಿ ಒಳಗ ಹೋಗಬಾರ್ದಲ್ಲ," ಎಂದಳು. ನನ್ನ ಬದಲಿಗೆ ನಂಬಿಕೆಯ ಕೆಲಸವನ್ನೂ ಅವಳೇ ಮಾಡುತ್ತಿದ್ದಳು.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಫೋನು ಬಂತು. "ಬರ್ರಿ. ಬರೋವಾಗ ನಿಮ್ಮ ಕೋಲು ತರ್ರಿ."

ನೌಬಾದದ ಆ ಹಾಲಿನಲ್ಲಿ ಅಂದು ನನಗೆ ಕೊಟ್ಟ ಕೆಲಸ ಸುಮ್ಮನೆ ನಿಲ್ಲುವುದು. ಕೋಲು ಕಂಕುಳಲ್ಲಿ, ಬಲಗಾಲು ಸಡಿಲ. ಸುತ್ತ ಮೂವರು ಇಂಜಿನಿಯರರು, ಎರಡು ಲ್ಯಾಪ್‌ಟಾಪು. ಮೂರು ಸಲ ಒದೆಯಿತು, ಮೂರು ಸಲ ತಿದ್ದಿದರು. ನಾಲ್ಕನೆಯ ಸಲ ನಿಂತೆ. ಹತ್ತು ನಿಮಿಷ ಆಯಿತು, ಅರ್ಧ ತಾಸು ಆಯಿತು. ಬೆಂಚಿನಿಂದ ರಜಿಯಾಬಿಯ ದನಿ ಬಂತು: "ಯಾ ಅಲ್ಲಾ! ಇಷ್ಟ್ ಓದಿದ ಮಂದಿ ಕೂಡಿ ಒಬ್ಬ ಮನುಷ್ಯಾ ಸುಮ್ನ ನಿಂತಿದ್ ನೋಡ್ಲತ್ತಾರ!"

ಎಲ್ಲರೂ ನಕ್ಕರು. ನಾನೂ ಮೈ ಕುಲುಕಿಸಿ ನಕ್ಕೆ. ಕಾಲು ಮಾತ್ರ ಅಲುಗಲಿಲ್ಲ. ಆಗ ಸುಜಾತಾ ಮೇಡಂ ಲ್ಯಾಪ್‌ಟಾಪು ಮುಚ್ಚಿದರು.

ಶಿವರಾತ್ರಿಯ ಮರುದಿನ ಮಾಳಪ್ಪ ಔರಾದದ ಬಸ್ಸು ಹತ್ತಿದ, ನಾವು ಹಿಂಡು ಹೊರಡಿಸಿದೆವು. ಜಗದೇವಿ ಮುಂದೆ, ನಾನು ಹಿಂದೆ. ಹುಟ್ಟಿದಾಗಿನಿಂದ ಮುಂದೆ ನಡೆದವನು ನಾನು, ಹಿಂದಿನಿಂದ ಹಿಂಡು ಹೇಗೆ ಕಾಣುತ್ತದೆಂದು ಅಂದೇ ನೋಡಿದ್ದು. ಚೆನ್ನಾಗಿಯೇ ಕಾಣುತ್ತದೆ. ಕಾಲು ಕಂಬಳಿಯ ಅಂಗಿ ತೊಟ್ಟಿತ್ತು. ದಾರಿಯಲ್ಲಿ ಚಹಾದಂಗಡಿ, ಗಿರಣಿ, ಸಾಲೆ, ಎಲ್ಲಿ ಕರೆಂಟು ಕಂಡರೂ ಬ್ಯಾಟರಿ ಕೈಯಲ್ಲಿ ಹಿಡಿದು ಹೋಗಿ, "ಒಂದೀಟು ಕಾಲ್ ಚಾರ್ಜಿಗಿ ಹಚ್ತೇನ್ರಿ," ಎನ್ನುತ್ತಿದ್ದೆ. ಯಾರೂ ಇಲ್ಲ ಎನ್ನಲಿಲ್ಲ. ಒಬ್ಬ ಮುದುಕ ತನ್ನ ಎರಡೂ ಮೊಣಕಾಲು ತೋರಿಸಿ, "ಇವುಕ್ಕೂ ಹಚ್ಚಿ ನೋಡಪ್ಪಾ," ಎಂದ.

ಮಾಂಜ್ರಾ ಬತ್ತಿತ್ತು. ಮರಳಿನಲ್ಲಿ ಕಾಲು ಹೂತು ಎರಡು ಸಲ ಮಂಡಿಯೂರಿದೆ. ಬಿದ್ದೆ ಎಂದು ಬರೆಯಲು ಈಗ ನನಗೆ ನಾಚಿಕೆಯಿಲ್ಲ, ನೋಟ್‌ಬುಕ್ಕಿನಲ್ಲೂ ಹಾಗೇ ಬರೆದೆ. ಆಚೆ ದಡ ಹತ್ತಿ, ಹಿಂಡು ಸುಧಾರಿಸಿಕೊಳ್ಳಲೆಂದು ಕೋಲು ಕಂಕುಳಿಗೆ ಕೊಟ್ಟು ನಿಂತೆ. ಸುಮಾರು ಹೊತ್ತಿನ ಮೇಲೆ ಬಲಗಡೆ ಏನೋ ಬೆಚ್ಚಗಾಯಿತು. ಬೆಚ್ಚಗಾಗಲು ಅಲ್ಲಿ ಕಾಲೇ ಇಲ್ಲವಲ್ಲ ಎಂದು ಕೆಳಗೆ ನೋಡಿದೆ. ಕರಿಮೂತಿ ನನ್ನ ತೊಡೆಗೆ ತಲೆ ಕೊಟ್ಟು, ಆ ಯಂತ್ರದ ಕಾಲಿಗೆ ಮೈ ಒರಗಿಸಿ ಮೆಲುಕು ಹಾಕುತ್ತಿತ್ತು.

"ಜಗ್ಗಿ, ಇಲ್ಲಿ ನೋಡು," ಎಂದೆ.

"ನೋಡೀನಿ. ಅಲುಗಬ್ಯಾಡ," ಎಂದಳು ಅವಳು ದೂರದಿಂದಲೇ.

ಹಿನ್ನೀರಿನಲ್ಲಿ ಹುಲ್ಲು ಸಿಕ್ಕಿತು. ಮಳೆಗಾಲದವರೆಗೂ ಹಿಂಡು ಉಳಿಯಿತು. ಪರೀಕ್ಷೆಯ ದಿನಗಳು ಮುಗಿದಾಗ ಸುಜಾತಾ ಮೇಡಂ ಭಾಲ್ಕಿಯಿಂದ ಬಂದು ಕಾಲನ್ನು ಬಿಚ್ಚಿಕೊಂಡರು. ಕಂಬಳಿಯ ಅಂಗಿಯನ್ನೂ ಕೇಳಿ ಒಯ್ದರು. ನಾನು ಮತ್ತೊಮ್ಮೆ ಕಾಲು ಕತ್ತರಿಸಿದ ಹಾಗೆ ಅತ್ತೆ, ಅವರೂ ಅತ್ತರು. ಈಗ ನಾನು ಹಾಕಿಕೊಳ್ಳುವುದು ಗೂಟದ ಮೇಲಿದ್ದ ಅದೇ ಸಾದಾ ಕಾಲು. ನೌಬಾದದವರು ಅದರ ಮೊಣಕಾಲು ಬಿಗಿ ಮಾಡಿಕೊಟ್ಟಿದ್ದಾರೆ, ಅಷ್ಟು ತಿಂಗಳು ನಡೆದು ನನ್ನ ಸೊಂಟವೂ ಗಟ್ಟಿಯಾಗಿದೆ. ನಿಧಾನವಾಗಿ ನಡೆಯುತ್ತೇನೆ, ಕೆಲವೊಮ್ಮೆ ಬೀಳುತ್ತೇನೆ. ಬೀಳುವುದಕ್ಕೆ ಅಂಜುವುದನ್ನು ಬಿಟ್ಟಿದ್ದೇನೆ. ಹಿಂದೆ ನಡೆಯುವವನಿಗೆ ಅವಸರವೂ ಇರುವುದಿಲ್ಲ.

ಮರುವರ್ಷ ತಪಾಸಣೆ ಮುಗಿಸಿ ಬರುವಾಗ ಭಾಲ್ಕಿಯಲ್ಲಿ ಇಳಿದೆ. ಬಸ್ ನಿಲ್ದಾಣದ ಹತ್ತಿರ ರಜಿಯಾಬಿಯ ಬಳೆ ಗಾಡಿ. ಹೊಸ ಯಂತ್ರದ ಕಾಲಿನ ಊರಿನ ಪರೀಕ್ಷೆಗೆ ಈಗ ಅವರ ಪಾಳಿ. ಎದುರಿಗೆ ಒಬ್ಬ ಹೆಣ್ಣುಮಗಳ ಕೈ ಹಿಡಿದು, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸುತ್ತಿದ್ದರು. ಸೊಂಟ ಗಾಡಿಗೆ ಆನಿಸಿ ಮುಂದಕ್ಕೆ ವಾಲಿದ್ದರು. ಎಡಗಾಲು ಸಡಿಲವಾಗಿ, ನಮ್ಮ ಕುರಿಯವರ ಹಾಗೆ ಬೆರಳ ತುದಿಯಷ್ಟೇ ನೆಲಕ್ಕೆ ತಾಗಿ ನಿಂತಿತ್ತು.

ನಾನು ಆಚೆ ಕಡೆ ನಿಂತು ನೋಡಿದೆ. ಒಂದು ಡಜನ್ ಮುಗಿಯಿತು, ಇನ್ನೊಂದು ಕೈ ಶುರುವಾಯಿತು. ಗಾಜು ಒಡೆಯಲಿಲ್ಲ. ಕಾಲು ಅಲುಗಲಿಲ್ಲ.

ರಜಿಯಾಬಿ ತಲೆ ಎತ್ತಿದರು. "ಏನ್ ಭಾಯಿ, ಆಗಿಂದ ನಿಂತೀರಿ. ಏನ್ ನೋಡ್ಲತ್ತೀರಿ?"

"ಏನಿಲ್ರಿ. ನಮ್ಮಪ್ಪಗ ನೋಡ್ಲತ್ತೇನಿ," ಎಂದೆ.